ಹೌಕಿ ಮೀನಿನ ಅಡುಗೆ: ಮೊದಲು ಮುಳ್ಳಿಗೊಂದು ದಾರಿ, ಆಮೇಲೆ ಒಲೆ

ಫಿನ್ಲೆಂಡಿನಲ್ಲಿ ನೆಲೆಸಿರುವವರಿಗೆ ಕೆರೆಯಂಚಿನಲ್ಲಿ ಬೇಸಿಗೆಮನೆ ಇಟ್ಟುಕೊಂಡ ಪರಿಚಯಸ್ಥರು ಒಬ್ಬರಿದ್ದರೂ ಸಾಕು, ಒಂದಲ್ಲ ಒಂದು ದಿನ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದೂವರೆ ಮೊಳದ ಮೀನೊಂದು ಅವರ ಅಡುಗೆಮನೆಗೆ ಬಂದೇ ಬರುತ್ತದೆ. ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆಯಾದ ಮೂತಿ, ಹಸಿರು ಮೈಮೇಲೆ ತಿಳಿಹಳದಿ ಚುಕ್ಕೆಗಳು, ಒಳಮುಖವಾಗಿ ಬಾಗಿದ ಹಲ್ಲುಗಳು, ಮುಟ್ಟಿದರೆ ಜಾರುವ ಲೋಳೆ. ಅದೇ ಹೌಕಿ, ಇಂಗ್ಲಿಷಿನವರ ಪೈಕ್, ಫ್ರೆಂಚರ ಬ್ರೋಶೆ, ವಿಜ್ಞಾನಿಗಳ ಈಸಾಕ್ಸ್ ಲೂಸಿಯಸ್. ಯುರೋಪಿನ ಉತ್ತರಭಾಗ, ರಷ್ಯಾ, ಕೆನಡಾ ಮತ್ತು ಅಮೆರಿಕದ ಉತ್ತರದ ರಾಜ್ಯಗಳ ಸಿಹಿನೀರಿನಲ್ಲೆಲ್ಲ ಇರುವ ಈ ಬೇಟೆಗಾರ ಮೀನು ನಮ್ಮ ದೇಶದ ನೀರಿನಲ್ಲಿ ಇಲ್ಲವಾದ್ದರಿಂದ ಕನ್ನಡದಲ್ಲಿ ಇದಕ್ಕೆ ಹೆಸರೂ ಇಲ್ಲ, ಅಡುಗೆಯ ಕ್ರಮವೂ ಇಲ್ಲ. ಅದನ್ನು ತಂದುಕೊಡುವವರ ಔದಾರ್ಯದಲ್ಲಿ ಅರ್ಧ ಪಾಲು, ಶುಚಿಮಾಡುವ ಕೆಲಸ ತಮಗೆ ತಪ್ಪಿತಲ್ಲ ಎಂಬ ನೆಮ್ಮದಿಯಿರುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು.

ಫಿನ್ನಿಶ್ ಭಾಷೆಯಲ್ಲಿ ಮೀನಿಗೆ 'ಕಲಾ' ಎನ್ನುತ್ತಾರೆ. 'ಹೌಕಿ ಓನ್ ಕಲಾ', ಅಂದರೆ 'ಹೌಕಿ ಒಂದು ಮೀನು' ಎಂಬುದು ಅಲ್ಲಿ ಗಿಳಿಪಾಠಕ್ಕೆ ಮಾದರಿಯೆಂದು ಎಲ್ಲರಿಗೂ ಗೊತ್ತಿರುವ ವಾಕ್ಯ. ಕನ್ನಡದ ಕಿವಿಗೆ ಅದು ಹೌಕಿಯೊಂದು ಕಲೆ ಎಂದು ಹೇಳಿದಂತೆ ಕೇಳಿಸುತ್ತದೆ. ಈ ಮೀನನ್ನು ಕೊಯ್ಯಲು ಕಲಿತವರು ಆ ತಪ್ಪು ಅರ್ಥವನ್ನು ಆಕ್ಷೇಪಿಸಲಾರರು.

ನಾನು ಮೊದಲ ಸಲ ಇದನ್ನು ರೋಹು, ಕಾಟ್ಲಾ ಮೀನುಗಳನ್ನು ಕೊಯ್ಯುವಂತೆ ಅಡ್ಡಡ್ಡ ತುಂಡು ಮಾಡಿ, ಹುಣಸೆಹುಳಿ ಹಿಂಡಿ, ಮಂಡ್ಯದ ಕಡೆಯ ಸಾರನ್ನೇ ಮಾಡಿದ್ದೆ. ಊರಿನಿಂದ ಬಂದಿದ್ದ ಗೆಳೆಯನ ತಾಯಿ ಇದ್ದರೆಂದು ಮುದ್ದೆಯನ್ನೂ ಕಟ್ಟಿದ್ದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ನುಂಗುವ ಊಟಕ್ಕೆ ತುಂಬ ಮುಳ್ಳಿರುವ ಮೀನು ಜೊತೆಯಾದರೆ ಏನಾಗಬೇಕೋ ಅದೇ ಆಯಿತು. ಎರಡನೆಯ ತುತ್ತಿಗೇ ಆಕೆ ಕೈ ತಡೆದು, ಬೆರಳ ತುದಿಯಲ್ಲಿ ಕವಲೊಡೆದ ಎಳೆಯೊಂದನ್ನು ಎತ್ತಿ ಹಿಡಿದು, "ಇದೇನ್ ಮಗ, ಮೀನೋ ಜಾಲಿಮುಳ್ಳೋ?" ಎಂದರು. ಸಾರಿನ ರುಚಿಯಲ್ಲಿ ಕೊರತೆ ಇರಲಿಲ್ಲ. ತಪ್ಪಾದದ್ದು ಕತ್ತಿ ಆಡಿಸಿದ ಕ್ರಮದಲ್ಲಿ. ಆದ್ದರಿಂದ ಮಸಾಲೆ, ಖಾರಗಳ ಯೋಚನೆಗೆ ಮೊದಲು ಈ ಮೀನಿನ ಮುಳ್ಳನ್ನು ಏನು ಮಾಡುವುದೆಂದು ತೀರ್ಮಾನಿಸಿಕೊಂಡೇ ಒಲೆ ಹಚ್ಚಬೇಕು. ಅದಕ್ಕೆ ನಾಲ್ಕು ದಾರಿಗಳಿವೆ: ಮುಳ್ಳನ್ನು ಕತ್ತರಿಸಿ ತೆಗೆಯುವುದು, ಗರಿಗರಿಯಾಗಿ ಕರಿಯುವುದು, ಅರೆಯುವುದು, ಇಲ್ಲವೇ ಹುಳಿಯಲ್ಲಿ ಮೆತ್ತಗಾಗಿಸುವುದು.

ಯಾವ ಮೀನು, ಯಾವ ಕಾಲ, ಯಾರಿಗೆ

ಊಟಕ್ಕೆ ಒಳ್ಳೆಯದು 1 ರಿಂದ 2.5 ಕಿಲೋ ತೂಕದ ಮೀನು. ಉದ್ದದಲ್ಲಿ ಹೇಳುವುದಾದರೆ ಸುಮಾರು 50 ರಿಂದ 70 ಸೆಂಟಿಮೀಟರು. ಇದಕ್ಕಿಂತ ಚಿಕ್ಕದರಲ್ಲಿ ಕತ್ತಿಗೆ ಸಿಗುವ ಮಾಂಸ ಕಡಿಮೆ. ಬಹಳ ದೊಡ್ಡವು ಸಾಮಾನ್ಯವಾಗಿ ತತ್ತಿಯಿಡುವ ಹೆಣ್ಣುಗಳು. ಅವುಗಳ ಮಾಂಸ ಒರಟು, ಅವುಗಳಲ್ಲಿ ಸೇರಿಕೊಂಡಿರುವ ಪಾದರಸವೂ ಹೆಚ್ಚು, ಹೀಗಾಗಿ ಅವನ್ನು ನೀರಿಗೇ ಬಿಡುವುದು ಕೆರೆಗೂ ನಮಗೂ ಒಳ್ಳೆಯದು. ಕಾಲದ ಮಾತಿಗೆ ಬಂದರೆ, ತಣ್ಣೀರಿನ ಹೌಕಿಗೆ ಸಮನಾದುದಿಲ್ಲ. ಶರತ್ಕಾಲದ ಕೊನೆಯಿಂದ ಹಿಮಗಟ್ಟಿದ ಕೆರೆ ಕರಗುವವರೆಗೆ ಮಾಂಸ ಬಿಗಿಯಾಗಿ, ಬೆಳ್ಳಗೆ ಇರುತ್ತದೆ. ಜುಲೈ ತಿಂಗಳ ಬೆಚ್ಚನೆಯ, ಪಾಚಿಗಟ್ಟಿದ ಕೊಲ್ಲಿಯಿಂದ ಬಂದ ಮೀನು ಮೆತ್ತಗಿದ್ದು ಕೆಸರಿನ ವಾಸನೆ ಹೊಡೆಯುವುದುಂಟು. ಅಂಗಡಿಯಲ್ಲಿ ಕೊಳ್ಳುವವರು 'ಕುಹಾ' ಎಂಬ ಮೀನಿನೊಡನೆ ಇದನ್ನು ಬೆರೆಸಿಕೊಳ್ಳಬಾರದು. ಇಂಗ್ಲಿಷಿನಲ್ಲಿ ಅದಕ್ಕೆ ಪೈಕ್‌ಪರ್ಚ್ ಎನ್ನುತ್ತಾರಾದರೂ ಅದು ಬೇರೆಯೇ ಜಾತಿ. ಅದರಲ್ಲಿ ಈ ಕವಲುಮುಳ್ಳುಗಳ ಕಾಟವಿಲ್ಲ, ಬೆಲೆ ಮಾತ್ರ ಹೆಚ್ಚು.

ಪಾದರಸದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹೌಕಿ ಇತರ ಮೀನುಗಳನ್ನು ತಿಂದು ಬದುಕುವುದರಿಂದ, ಕೆಳಹಂತದ ಜೀವಿಗಳಲ್ಲಿ ಚೂರುಚೂರೇ ಇದ್ದ ಮೀಥೈಲ್ ಪಾದರಸ ಅದರ ಮಾಂಸದಲ್ಲಿ ವರ್ಷವರ್ಷಕ್ಕೂ ಶೇಖರವಾಗುತ್ತ ಹೋಗುತ್ತದೆ. ಅದು ಕೊಬ್ಬಿನಲ್ಲಿರದೆ ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುವುದರಿಂದ ತೊಳೆದರೂ, ಚರ್ಮ ಸುಲಿದರೂ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಗರ್ಭಿಣಿಯರು ಮತ್ತು ಎದೆಹಾಲೂಡಿಸುವ ತಾಯಂದಿರು ಹೌಕಿಯನ್ನು ತಿನ್ನಲೇಬಾರದು, ಮಕ್ಕಳು, ಹದಿಹರೆಯದವರು ಹಾಗೂ ಮಕ್ಕಳನ್ನು ಪಡೆಯುವ ವಯಸ್ಸಿನವರು ತಿಂಗಳಿಗೆ ಒಂದೆರಡು ಸಲಕ್ಕಿಂತ ಹೆಚ್ಚು ತಿನ್ನಬಾರದು ಎಂಬುದು ಫಿನ್ಲೆಂಡಿನ ಆಹಾರ ಪ್ರಾಧಿಕಾರದ ಸಲಹೆ. ಸ್ವೀಡನ್ನಿನ ಪ್ರಾಧಿಕಾರವು ಗರ್ಭಿಣಿಯರಿಗೆ ಹಾಗೂ ಹಾಲೂಡಿಸುವವರಿಗೆ ವರ್ಷಕ್ಕೆ ಎರಡು ಮೂರು ಸಲದ ಮಿತಿಯನ್ನು ಹೇಳುತ್ತದೆ. ಬಸುರಿಗೆ ಮೀನು ಒಳ್ಳೆಯದೆಂಬ ನಮ್ಮ ಹಿರಿಯರ ಮಾತು ಸುಳ್ಳಲ್ಲ, ಆದರೆ ಆ ಮಾತಿನಲ್ಲಿದ್ದ ಮೀನು ಇದಲ್ಲ.

ಇನ್ನೊಂದು ಅಪಾಯ ಲಾಡಿಹುಳು. ಹೌಕಿ, ಅಹ್ವೆನ್ ಮೊದಲಾದ ಸಿಹಿನೀರಿನ ಮೀನುಗಳ ಮಾಂಸದಲ್ಲಿಯೂ ತತ್ತಿಯಲ್ಲಿಯೂ ಅಗಲ ಲಾಡಿಹುಳುವಿನ ಮರಿಗಳು ಅಡಗಿರಬಹುದು. ಅವು ಮನುಷ್ಯನ ಕರುಳು ಸೇರಿದರೆ ಮೀಟರುಗಟ್ಟಲೆ ಬೆಳೆಯುತ್ತವೆ, ದೇಹಕ್ಕೆ ಸೇರಬೇಕಾದ ಬಿ-12 ಜೀವಸತ್ವವನ್ನು ತಾವೇ ಹೀರಿ ರಕ್ತಹೀನತೆಯನ್ನು ತರಬಲ್ಲವು. ಒಂದು ಕಾಲದಲ್ಲಿ ಫಿನ್ಲೆಂಡಿನಲ್ಲಿ ಇದು ಬಹಳ ವ್ಯಾಪಕವಾಗಿತ್ತು. ಪರಿಹಾರ ಸುಲಭ: ಮಾಂಸದ ಒಳಭಾಗ 63 ಡಿಗ್ರಿ ಸೆಲ್ಸಿಯಸ್ ತಲುಪುವಂತೆ ಬೇಯಿಸಿದರೆ ಹುಳು ಉಳಿಯುವುದಿಲ್ಲ. ಬೇಯಿಸದೆ ತಿನ್ನುವುದಾದರೆ ಮೊದಲು ಘನೀಕರಿಸಬೇಕು. ಯುರೋಪಿನ ನಿಯಮ ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಎನ್ನುತ್ತದೆ. ದಿನಕ್ಕೆ ಹತ್ತು ಸಲ ಬಾಗಿಲು ತೆರೆಯುವ ಮನೆಯ ಫ್ರೀಜರು ಅಷ್ಟು ತಣ್ಣಗಿರುವುದು ಅನುಮಾನವಾದ್ದರಿಂದ ನಾನು ಏಳು ದಿನ ಇಡುತ್ತೇನೆ.

ಲೋಳೆ ತೆಗೆಯುವುದು ಮತ್ತು ಹೊಟ್ಟೆ ಬಿಡಿಸುವುದು

ಹಿಡಿದ ಕೂಡಲೇ ತಲೆಗೆ ಒಂದು ಪೆಟ್ಟು ಕೊಟ್ಟು, ಕಿವಿರಿನ ಬುಡವನ್ನು ಕತ್ತರಿಸಿ ರಕ್ತ ಬಸಿದುಹೋಗಲು ಬಿಟ್ಟರೆ ಮಾಂಸ ಬೆಳ್ಳಗುಳಿಯುತ್ತದೆ. ಸತ್ತ ಮೀನೆಂದು ಬಾಯಿಗೆ ಬೆರಳು ಹಾಕಬಾರದು. ಹಲ್ಲುಗಳು ಒಳಮುಖವಾಗಿರುವುದರಿಂದ ಬೆರಳು ಒಳಹೋಗುವುದು ಸುಲಭ, ಹೊರಬರುವಾಗ ಚರ್ಮ ಅಲ್ಲಿಯೇ ಉಳಿಯುತ್ತದೆ. ಕಿವಿರಿನ ಅಂಚೂ ಅಷ್ಟೇ ಹರಿತ. ಒಂದು ಹಳೆಯ ಬಟ್ಟೆಯಿಂದ ತಲೆಯನ್ನು ಹಿಡಿದುಕೊಳ್ಳುವುದು ಕ್ಷೇಮ.

ಲೋಳೆಗೆ ಮದ್ದು ಕಲ್ಲುಪ್ಪು. ಮೈತುಂಬ ಉಪ್ಪು ಸವರಿ ಐದು ನಿಮಿಷ ಬಿಟ್ಟು, ಕತ್ತಿಯ ಬೆನ್ನಿನಿಂದ ತಲೆಯಿಂದ ಬಾಲದ ಕಡೆಗೆ ಹೆರೆದರೆ ಲೋಳೆ ಬೂದುಬಣ್ಣದ ಗಂಜಿಯಂತೆ ಕೂಡಿಕೊಂಡು ಬರುತ್ತದೆ. ತಣ್ಣೀರಿನಲ್ಲಿ ತೊಳೆದು ಇನ್ನೊಮ್ಮೆ ಹಾಗೆಯೇ ಮಾಡಬೇಕು. ನಮ್ಮ ಹಳ್ಳಿಗಳಲ್ಲಿ ಕೊರವ ಮೀನಿನ ಲೋಳೆ ಬಿಡಿಸಲು ಒಲೆಯ ಬೂದಿ ಹಚ್ಚಿ ಕಲ್ಲಿಗೆ ಉಜ್ಜುವುದನ್ನು ನೋಡಿದವರು ಅದನ್ನೇ ಇಲ್ಲಿಯೂ ಮಾಡಬಹುದು. ಬೇಸಿಗೆಮನೆಯ ಸೌನಾದ ಒಲೆಯಲ್ಲಿ ಬರಿಯ ಬರ್ಚ್ ಸೌದೆ ಉರಿದ ಬೂದಿ ಬೇಕಾದಷ್ಟಿರುತ್ತದೆ. ಬಣ್ಣ ಬಳಿದ ಹಲಗೆ ಉರಿಸಿದ ಬೂದಿಯನ್ನು ಮಾತ್ರ ಮುಟ್ಟಬಾರದು. ನಾನು ಹೀಗೆ ಉಜ್ಜುತ್ತಿದ್ದುದನ್ನು ಕಂಡ ಮನೆಯ ಯಜಮಾನರು ಮೊದಲು ಗಾಬರಿಯಾದರು, ಮರುವರ್ಷ ಬೂದಿಯ ಬಕೆಟ್ಟನ್ನು ತಾವೇ ತಂದಿಟ್ಟರು.

ಚರ್ಮ ಸುಲಿಯುವುದಿದ್ದರೆ ಹುರುಪೆ ತೆಗೆಯುವ ಅಗತ್ಯವಿಲ್ಲ. ಚರ್ಮ ಉಳಿಸಿಕೊಳ್ಳುವುದಿದ್ದರೆ ಬಾಲದಿಂದ ತಲೆಯ ಕಡೆಗೆ ಹೆರೆಯಬೇಕು. ಹೊಟ್ಟೆಯನ್ನು ಗುದದ್ವಾರದಿಂದ ಗಂಟಲಿನವರೆಗೆ ಮೇಲುಮೇಲೆ ಸೀಳಿ, ಪಿತ್ತಕೋಶ ಒಡೆಯದಂತೆ ಕರುಳನ್ನು ಇಡಿಯಾಗಿ ಎಳೆದು ತೆಗೆಯಬೇಕು. ಪಿತ್ತ ಸೋರಿದರೆ ಕೂಡಲೇ ತೊಳೆದು, ಹಸಿರಾದ ಭಾಗವನ್ನು ಕತ್ತರಿಸಿ ಎಸೆಯಬೇಕು. ನಡುಮುಳ್ಳಿನ ಕೆಳಗೆ ಅಂಟಿರುವ ಕಪ್ಪುಗೆಂಪು ರಕ್ತದ ಗೆರೆಯನ್ನು ಬೆರಳಿನ ಉಗುರಿನಿಂದ ಕೆರೆದು ತೆಗೆಯುವುದನ್ನು ಮರೆಯಬಾರದು, ನಾತಕ್ಕೆ ಅದೇ ಮೂಲ. ಜಠರವನ್ನೂ ಒಮ್ಮೆ ಸೀಳಿ ನೋಡಿ. ಒಂದು ಹೌಕಿಯೊಳಗೆ ಗೇಣುದ್ದದ ಅಹ್ವೆನ್ ಮೀನು, ತಲೆ ಮೊದಲಾಗಿ ನುಂಗಿದ ಸ್ಥಿತಿಯಲ್ಲಿ, ಮೈಮೇಲಿನ ಅಡ್ಡಪಟ್ಟೆಗಳು ಇನ್ನೂ ಕಾಣುವಂತೆ ಸಿಕ್ಕಿತ್ತು. ಅದರ ತಲೆ ಮಾತ್ರ ಕರಗಿ ಬಿಳಿಯ ಅಂಟಾಗಿತ್ತು.

ಶುಚಿಮಾಡಿದ ಮೀನನ್ನು ಅಂದೇ ಕೊಯ್ಯುವುದಕ್ಕಿಂತ, ಹಿಮದ ಮೇಲಿರಿಸಿ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟರೆ ಮೈ ಸೆಟೆತ ಬಿಟ್ಟು ಕತ್ತಿ ಸಲೀಸಾಗಿ ಓಡುತ್ತದೆ.

ಮೊದಲನೆಯ ದಾರಿ: ಐದು ತುಂಡುಗಳಾಗಿ ಮುಳ್ಳಿಲ್ಲದ ಮಾಂಸ ತೆಗೆಯುವುದು

ಎಲ್ಲ ಮೀನುಗಳಿಗೂ ನಡುಮುಳ್ಳು ಮತ್ತು ಪಕ್ಕೆಮುಳ್ಳುಗಳಿರುತ್ತವೆ. ಹೌಕಿಯಲ್ಲಿ ಇವುಗಳ ಜೊತೆಗೆ, ಬೆನ್ನಿನ ಮಾಂಸದ ನಡುವೆ, ಯಾವುದಕ್ಕೂ ಗಟ್ಟಿಯಾಗಿ ಜೋಡಣೆಯಾಗದೆ ತೇಲಿಕೊಂಡಿರುವ ಕವಲುಮುಳ್ಳುಗಳ ಸಾಲು ಎರಡೂ ಮಗ್ಗುಲಿಗೆ ಇದೆ. ಇಂಗ್ಲಿಷಿನ ವೈ ಅಕ್ಷರದಂತೆ, ಹುಡುಗರ ಚಾಟರಬಿಲ್ಲಿನ ಕವೆಯಂತೆ ಅವುಗಳ ಆಕಾರ. ನಮ್ಮ ಗೆಂಡೆ ಮೀನಿನಲ್ಲಿಯೂ ಇಂಥವೇ ಇವೆ, ಆದರೆ ಹೌಕಿಯಲ್ಲಿ ಅವುಗಳ ಜಾಗ ನಿಶ್ಚಿತವಾಗಿದೆ: ತಲೆಯ ಹಿಂದಿನಿಂದ ಹೊರಟು ಬೆನ್ನಿನ ಈಜುರೆಕ್ಕೆಯ ಹತ್ತಿರ ಮುಗಿಯುತ್ತವೆ, ಬಾಲದ ಭಾಗದಲ್ಲಿ ಇರುವುದಿಲ್ಲ. ಈ ಮೀನಿನ ಬೆನ್ನಿನ ರೆಕ್ಕೆ ಬಾಲಕ್ಕೆ ತೀರ ಹತ್ತಿರವಿರುವುದರಿಂದ ಅದನ್ನೇ ಗಡಿಕಲ್ಲೆಂದು ಇಟ್ಟುಕೊಳ್ಳಬೇಕು. ಮುಳ್ಳು ಎಲ್ಲಿದೆಯೆಂದು ತಿಳಿದರೆ ಅದನ್ನು ಬಳಸಿಕೊಂಡು ಹೋಗುವುದು ಕಷ್ಟವಲ್ಲ.

ತೆಳುವಾದ, ಬಾಗುವ, ಚೆನ್ನಾಗಿ ಸಾಣೆ ಹಿಡಿದ ಕತ್ತಿ ಬೇಕು. ಮೀನನ್ನು ಹೊಟ್ಟೆ ಕೆಳಗಾಗಿ ಮಣೆಯ ಮೇಲೆ ಕೂರಿಸಿ, ತಲೆಯ ಹಿಂದೆ ನೇರವಾಗಿ ಕೆಳಗೆ ಕೊಯ್ಯುತ್ತ ಹೋಗಿ. ಅಲುಗಿಗೆ ಸಣ್ಣಸಣ್ಣ ಮುಳ್ಳಿನ ತುದಿಗಳು ಕರಕರ ಎಂದು ತಗುಲಿದ ಕೂಡಲೇ ನಿಲ್ಲಿಸಿ, ಕತ್ತಿಯನ್ನು ಮಲಗಿಸಿ, ಆ ತುದಿಗಳ ಮೇಲೆಯೇ ಜಾರಿಸುತ್ತ ಬೆನ್ನಿನ ರೆಕ್ಕೆಯವರೆಗೆ ತಂದು ಮೇಲಕ್ಕೆ ತೆಗೆಯಿರಿ. ಹೀಗೆ ಬೆನ್ನಿನ ಮೇಲಿನ ಪಟ್ಟಿ ಇಡಿಯಾಗಿ ಬಿಡಿಸಿಕೊಳ್ಳುತ್ತದೆ. ಇದು ಮೊದಲನೆಯ ತುಂಡು, ಇಡೀ ಮೀನಿನಲ್ಲಿ ನನಗೆ ಅತ್ಯಂತ ಇಷ್ಟವಾದದ್ದೂ ಇದೇ.

ಈಗ ತೆರೆದುಕೊಂಡ ಮಾಂಸವನ್ನು ಬೆಳಕಿಗೆ ಹಿಡಿದು ನೋಡಿದರೆ, ನಡುಮುಳ್ಳಿನ ಎರಡೂ ಪಕ್ಕದಲ್ಲಿ ಹೊಲಿಗೆ ಹಾಕಿದಂತೆ ಬಿಳಿಯ ಚುಕ್ಕೆಗಳ ಸಾಲು ಕಾಣುತ್ತದೆ. ಕಣ್ಣಿಗೆ ಕಾಣದಿದ್ದರೆ ಬೆರಳು ಆಡಿಸಿ, ಚುಚ್ಚುತ್ತದೆ. ಅವೇ ಕವಲುಮುಳ್ಳುಗಳ ತುದಿಗಳು. ಆ ಸಾಲಿನ ಹೊರಗಡೆಗೆ ಅಲುಗನ್ನು ಇಟ್ಟು, ಮುಳ್ಳುಗಳು ಹೊರಕ್ಕೆ ಬಾಗಿರುವ ಓಟವನ್ನೇ ಅನುಸರಿಸಿ, ಸಣ್ಣಸಣ್ಣ ಎಳೆತಗಳಲ್ಲಿ ಕೆಳಗಿಳಿಯಬೇಕು. ಮುಂದೆ ಪಕ್ಕೆಮುಳ್ಳುಗಳ ಗೂಡು ಸಿಗುತ್ತದೆ. ಅದನ್ನು ಕತ್ತರಿಸದೆ ಅದರ ಮೇಲಿನಿಂದಲೇ ಹಾದು ಹೊಟ್ಟೆಯಂಚಿನಲ್ಲಿ ಹೊರಬಂದರೆ ಮಗ್ಗುಲಿನ ತುಂಡು ಕೈಗೆ ಬರುತ್ತದೆ. ಇನ್ನೊಂದು ಮಗ್ಗುಲಿಗೂ ಹೀಗೆಯೇ. ಅವಸರಪಟ್ಟು ಕತ್ತಿಯನ್ನು ಒಳಕ್ಕೆ ಒತ್ತಿದರೆ ಕವಲು ತುಂಡಾಗಿ ಅರ್ಧ ಮುಳ್ಳು ಮಾಂಸದಲ್ಲಿಯೇ ಉಳಿಯುತ್ತದೆ, ಆ ಅರ್ಧ ಮುಳ್ಳು ಇಡೀ ಮುಳ್ಳಿಗಿಂತ ಅಪಾಯಕಾರಿ. ಕೊನೆಗೆ ಬೆನ್ನಿನ ರೆಕ್ಕೆಯಿಂದ ಬಾಲದವರೆಗೆ ನಡುಮುಳ್ಳಿನ ಎಡಬಲಗಳಲ್ಲಿ ಕತ್ತಿ ಆಡಿಸಿದರೆ ಉಳಿದ ಎರಡು ತುಂಡುಗಳು ಸಿಗುತ್ತವೆ. ಎಲ್ಲವನ್ನೂ ಚರ್ಮ ಕೆಳಗಾಗಿ ಮಲಗಿಸಿ, ಬಾಲದ ತುದಿಯ ಚರ್ಮವನ್ನು ಉಪ್ಪು ಹಚ್ಚಿದ ಬೆರಳುಗಳಿಂದ ಗಟ್ಟಿಯಾಗಿ ಹಿಡಿದು, ಮಾಂಸ ಮತ್ತು ಚರ್ಮದ ನಡುವೆ ಅಲುಗನ್ನು ಓಡಿಸಿ ಚರ್ಮ ಬಿಡಿಸಬೇಕು.

ಕಿಲೋ ಒಂದೂವರೆ ತೂಕದ ಮೀನಿನಿಂದ ಹೀಗೆ ಸುಮಾರು 500 ರಿಂದ 600 ಗ್ರಾಂ ಶುದ್ಧ ಮಾಂಸ ಬರುತ್ತದೆ. ನಡುಮುಳ್ಳಿಗೆ ಅಂಟಿ ಉಳಿದದ್ದನ್ನು ಚಮಚದಿಂದ ಕೆರೆದು ವಡೆಗೆ ಇಟ್ಟುಕೊಳ್ಳಿ. ತಲೆ ಮತ್ತು ಮುಳ್ಳುಗಳನ್ನು ಎಸೆಯಬೇಡಿ, ಸಾರಿಗೆ ಬೇಕು. ಹೌಕಿಯ ದವಡೆಯಿಂದ ತಂತಿವಾದ್ಯ ಮಾಡಿದ ವೀರನ ಕಥೆ ಫಿನ್ನರ ಮಹಾಕಾವ್ಯದಲ್ಲಿದೆ. ನಮ್ಮಿಂದ ಅಷ್ಟಾಗದಿದ್ದರೂ ಅದನ್ನು ಕಸಕ್ಕೆ ಹಾಕುವುದು ತರವಲ್ಲ.

ಮುದ್ದೆಗೆ ಹೊಂದುವ ಸಾರು

ನಾಲ್ವರಿಗೆ ಬೇಕಾಗುವ ಅಳತೆಯಿದು. ಕಿವಿರು ಕಿತ್ತು ತೊಳೆದ ತಲೆ ಮತ್ತು ಮುಳ್ಳುಗಳನ್ನು ಒಂದು ಲೀಟರು ತಣ್ಣೀರಿಗೆ ಹಾಕಿ, ಒಂದು ಈರುಳ್ಳಿ, ನಾಲ್ಕು ಕಾಳುಮೆಣಸು ಸೇರಿಸಿ, ಸಣ್ಣ ಉರಿಯಲ್ಲಿ 20 ರಿಂದ 25 ನಿಮಿಷ ಕುದಿಸಬೇಕು. ಅದಕ್ಕಿಂತ ಹೆಚ್ಚು ಕುದಿಸಿದರೆ ಕಹಿ ಬಿಡುತ್ತದೆ. ಆಮೇಲೆ ಜರಡಿಯಲ್ಲಿ ಸೋಸುವುದು ಸಾಲದು, ತೆಳುವಾದ ಪಂಚೆಯ ಬಟ್ಟೆಯಲ್ಲಿಯೇ ಸೋಸಬೇಕು. ಜರಡಿಯ ಕಣ್ಣಿನಲ್ಲಿ ಕವಲುಮುಳ್ಳು ನೆಟ್ಟಗೆ ನಿಂತು ಇಳಿದುಹೋಗುವುದನ್ನು ನಾನು ಕಂಡಿದ್ದೇನೆ.

ಎಂಟು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಕಾಲು ಚಮಚ ಮೆಂತ್ಯ, ಅರ್ಧ ಚಮಚ ಕಾಳುಮೆಣಸು ಇವನ್ನು ಬೇರೆಬೇರೆಯಾಗಿ ಹುರಿದು, ಕೆಂಪಗೆ ಬಾಡಿಸಿದ ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಒಂದು ಹಿಡಿ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿಕೊಳ್ಳಿ. ಎಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ ಮಾಡಿ, ಮಸಾಲೆಯನ್ನು ಎಣ್ಣೆ ಬಿಡುವವರೆಗೆ ಬಾಡಿಸಿ, ಸೋಸಿದ ಕಟ್ಟನ್ನೂ ನಿಂಬೆಗಾತ್ರದ ಹುಣಸೆಹಣ್ಣಿನ ರಸವನ್ನೂ ಉಪ್ಪನ್ನೂ ಹಾಕಿ ಹದಿನೈದು ನಿಮಿಷ ಕುದಿಸಿ. ಮೀನಿನ ತುಂಡುಗಳನ್ನು ಹಾಕುವುದು ಕಟ್ಟಕಡೆಗೆ. ಹೌಕಿಯಲ್ಲಿ ಕೊಬ್ಬು ನೂರಕ್ಕೆ ಒಂದರಷ್ಟೇ ಇರುವುದರಿಂದ ಐದಾರು ನಿಮಿಷದಲ್ಲಿ ಬೆಂದುಬಿಡುತ್ತದೆ, ಹತ್ತು ನಿಮಿಷ ಬಿಟ್ಟರೆ ಹತ್ತಿಯಂತಾಗುತ್ತದೆ. ಸೌಟು ಆಡಿಸದೆ ಪಾತ್ರೆಯನ್ನೇ ಹಿಡಿದು ಅಲುಗಿಸಿ. ಮೀನಿನ ಸಾರು ಮರುದಿನವೇ ರುಚಿ ಎಂಬ ನಂಬಿಕೆ ಇಲ್ಲಿ ಅರ್ಧ ಮಾತ್ರ ನಿಜ: ಸಾರನ್ನು ಹಿಂದಿನ ದಿನ ಮಾಡಿಡಬಹುದು, ಮೀನನ್ನು ಮಾತ್ರ ಉಣ್ಣುವ ಹೊತ್ತಿಗೇ ಬೇಯಿಸಬೇಕು. ಹುಣಸೆಹುಳಿ ಮುಳ್ಳನ್ನು ಕರಗಿಸುತ್ತದೆಂದು ಕೆಲವರು ಹೇಳುವುದುಂಟು. ಅರ್ಧ ಗಂಟೆಯ ಸಾರಿನಲ್ಲಿ ಅಂಥದ್ದೇನೂ ನಡೆಯುವುದಿಲ್ಲ.

ಎರಡನೆಯ ದಾರಿ: ಗರಿಗರಿ ಕರಿಯುವುದು

ಚಿಕ್ಕ ಮೀನಾದರೆ, ಅಥವಾ ಐದು ತುಂಡುಗಳ ಕಸರತ್ತಿಗೆ ವೇಳೆಯಿಲ್ಲದಿದ್ದರೆ, ಹುರುಪೆ ತೆಗೆದ ಮೀನಿನ ಎರಡು ಮಗ್ಗುಲುಗಳನ್ನು ಚರ್ಮಸಹಿತ ಬಿಡಿಸಿಕೊಂಡು, ಮಾಂಸದ ಕಡೆಯಿಂದ ಮೂರು ನಾಲ್ಕು ಮಿಲಿಮೀಟರಿಗೊಂದರಂತೆ, ಚರ್ಮ ಕತ್ತರಿಸದಂತೆ, ಅಡ್ಡ ಗೀರುಗಳನ್ನು ಹಾಕಬೇಕು. ಕವಲುಮುಳ್ಳುಗಳು ಹೀಗೆ ಚೂರಾಗಿ, ಕುದಿಯುವ ಎಣ್ಣೆ ಒಳಗಿಳಿದು, ಅಗಿದರೆ ಪುಡಿಯಾಗುವಂತೆ ಗರಿಯಾಗುತ್ತವೆ. ಖಾರದಪುಡಿ, ಅರಿಶಿನ, ಬೆಳ್ಳುಳ್ಳಿ, ನಿಂಬೆರಸ, ಉಪ್ಪುಗಳನ್ನು ಗೀರುಗಳ ಒಳಗೆ ಹೋಗುವಂತೆ ತಿಕ್ಕಿ ಅರ್ಧ ಗಂಟೆ ಬಿಟ್ಟು, ರವೆಯಲ್ಲಿ ಹೊರಳಿಸಿ ಕರಿಯಿರಿ. ಫಿನ್ಲೆಂಡಿನ ಯಾವ ಅಂಗಡಿಯಲ್ಲಿಯೂ 'ಮನ್ನಸೂರಿಮೋ' ಎಂಬ ಹೆಸರಿನಲ್ಲಿ ರವೆ ಸಿಗುತ್ತದೆ. ಅಲ್ಲಿನವರು ಇದೇ ಕೆಲಸಕ್ಕೆ ರೈ ಹಿಟ್ಟನ್ನು ಬಳಸುತ್ತಾರೆ, ಅದೂ ಚೆನ್ನಾಗಿಯೇ ಇರುತ್ತದೆ. ಕಾವಲಿಯ ಮೇಲೆ ಎರಡು ಚಮಚ ಎಣ್ಣೆಯಲ್ಲಿ ಕಾಯಿಸುವುದು ಇಲ್ಲಿ ಸಾಲದು, ಮುಳ್ಳು ಮೆತ್ತಗೇ ಉಳಿಯುತ್ತದೆ. ಬಾಣಲೆಯಲ್ಲಿ ಮುಳುಗುವಷ್ಟು ಎಣ್ಣೆ, 180 ಡಿಗ್ರಿಯ ಕಾವು ಇರಬೇಕು.

ಮೂರನೆಯ ದಾರಿ: ಅರೆಯುವುದು

ಹೌಕಿ ತಿನ್ನುವ ನಾಡುಗಳೆಲ್ಲ ಹೆಚ್ಚಾಗಿ ಹಿಡಿದ ದಾರಿ ಇದು. ಫ್ರಾನ್ಸಿನ ಲಿಯಾನ್ ನಗರದ ಹೆಸರಾಂತ ಕ್ವೆನೆಲ್ ಎಂಬುದು ಹೌಕಿಯ ಮಾಂಸವನ್ನು ಅರೆದು, ನವಿರಾದ ಜರಡಿಯಲ್ಲಿ ಒತ್ತಿ ಮುಳ್ಳು ಹಿಡಿದಿಟ್ಟು, ಮೊಟ್ಟೆ, ಬೆಣ್ಣೆ, ಹಿಟ್ಟಿನ ಗಂಜಿಯೊಂದಿಗೆ ಕಲಸಿ ಕಡುಬಿನಂತೆ ನೀರಿನಲ್ಲಿ ಬೇಯಿಸಿದ ತಿನಿಸು. ಪೂರ್ವ ಯುರೋಪಿನ ಯಹೂದಿಗಳ ಗೆಫಿಲ್ಟೆ ಮೀನಿಗೂ ಗೆಂಡೆಯ ಜೊತೆಗೆ ಹೌಕಿಯೇ ಬೇಕು. ಯಹೂದಿಗಳ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು ತಿನ್ನುವಾಗ ಮುಳ್ಳು ಆಯುವುದು ನಿಷಿದ್ಧ ಕೆಲಸವಾಗುತ್ತದೆಂಬ ವಿಚಾರವನ್ನೂ ಆ ಅಡುಗೆಗೆ ಕಾರಣವಾಗಿ ಹೇಳುತ್ತಾರೆ. ಪೋಲೆಂಡಿನವರು ಅದಕ್ಕೆ ಸಕ್ಕರೆ ಹಾಕಿದರೆ ಲಿಥುವೇನಿಯದವರು ಮೆಣಸು ಹಾಕುತ್ತಾರೆ. ಸಾಂಬಾರಿಗೆ ಬೆಲ್ಲ ಬೇಕೋ ಬೇಡವೋ ಎಂದು ವಾದಿಸುವ ನಮಗೆ ಆ ಜಗಳ ಅರ್ಥವಾಗದ್ದೇನಲ್ಲ.

ಕೀಮಾ ಯಂತ್ರದ ಸಣ್ಣ ಕಣ್ಣಿನ ಬಿಲ್ಲೆಯಲ್ಲಿ ಎರಡು ಸಲ ಅರೆಸಿದರೆ ಸಾಕು. ಮೀನಂಗಡಿಯವರನ್ನು ಕೇಳಿದರೆ ಅವರೇ ಅರೆದುಕೊಡುವುದುಂಟು. ಮಿಕ್ಸಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಅದರ ಅಲುಗು ಮಾಂಸವನ್ನು ಅಂಟಾಗಿಸುತ್ತದೆಯೇ ಹೊರತು ಮುಳ್ಳನ್ನು ಉದ್ದುದ್ದವಾಗಿಯೇ ಬಿಡುತ್ತದೆ. ಬೇರೆ ಉಪಾಯವಿಲ್ಲದಿದ್ದರೆ ಮುಳ್ಳು ತೆಗೆದ ತುಂಡುಗಳನ್ನು ಮಾತ್ರ, ಚೆನ್ನಾಗಿ ತಣ್ಣಗಿರುವಾಗ, ತಡೆತಡೆದು ಆಡಿಸಬೇಕು.

ಅರ್ಧ ಕಿಲೋ ಅರೆದ ಮೀನಿಗೆ ಮೊದಲು ಒಂದು ಚಮಚ ಉಪ್ಪು ಮಾತ್ರ ಹಾಕಿ ಎರಡು ನಿಮಿಷ ನಾದಬೇಕು. ಉಪ್ಪಿಗೆ ಮಾಂಸದ ಪ್ರೋಟೀನು ಕರಗಿ ಅಂಟುಬರುತ್ತದೆ, ಅದರಿಂದಲೇ ವಡೆ ಒಡೆಯದೆ ನಿಲ್ಲುತ್ತದೆ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಈ ಅಂಟು ಬರುವುದಿಲ್ಲ. ಆಮೇಲೆ ಒಂದು ಮೊಟ್ಟೆ, ಎರಡು ಚಮಚ ಅಕ್ಕಿಹಿಟ್ಟು, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ ಮತ್ತು ಒಂದು ದೊಡ್ಡ ಹಿಡಿ ಸಬ್ಬಸಿಗೆ ಸೊಪ್ಪು. ಫಿನ್ನರು ಮೀನಿಗೆ ಸಬ್ಬಸಿಗೆಯನ್ನು ಬಿಟ್ಟು ಬೇರೆ ಸೊಪ್ಪನ್ನು ಅಷ್ಟಾಗಿ ಬಳಸುವುದಿಲ್ಲ, ನಾವು ಅದನ್ನು ವಡೆಗೆ, ರೊಟ್ಟಿಗೆ ಹಾಕುತ್ತೇವೆ; ಇಲ್ಲಿ ಎರಡೂ ಒಂದೆಡೆ ಸೇರುತ್ತವೆ. ಕಲಸಿದ್ದನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಒದ್ದೆ ಕೈಯಿಂದ ತಟ್ಟಿ, ಬೆಣ್ಣೆ ಮತ್ತು ಎಣ್ಣೆ ಬೆರೆಸಿದ ಕಾವಲಿಯಲ್ಲಿ ಮಂದ ಉರಿಯಲ್ಲಿ ಒಂದೊಂದು ಬದಿಗೆ ನಾಲ್ಕು ನಿಮಿಷ ಬೇಯಿಸಿ. ಮಕ್ಕಳಿರುವ ಮನೆಯಲ್ಲಿ ಹೌಕಿಯನ್ನು ನಾನು ಈ ರೂಪದಲ್ಲಿ ಮಾತ್ರ ಬಡಿಸುತ್ತೇನೆ. ಇಷ್ಟಾಗಿಯೂ ಯಾರ ಗಂಟಲಿಗಾದರೂ ಮುಳ್ಳು ಸಿಕ್ಕಿಕೊಂಡರೆ ಅನ್ನದ ಉಂಡೆ ನುಂಗಿಸುವ ನಮ್ಮ ಹಳೆಯ ಉಪಾಯವನ್ನು ಬಿಡಬೇಕು, ಅದು ಮುಳ್ಳನ್ನು ಇನ್ನಷ್ಟು ಆಳಕ್ಕೆ ನಾಟಿಸಬಹುದು. ನೋವು ಹೋಗದಿದ್ದರೆ, ಉಗುಳು ನುಂಗಲು ಕಷ್ಟವಾದರೆ, ವೈದ್ಯರಲ್ಲಿಗೆ ಹೋಗಬೇಕು.

ನಾಲ್ಕನೆಯ ದಾರಿ: ವಿನೆಗರಿನಲ್ಲಿ ಹಾಕಿಡುವುದು

ಅಮೆರಿಕದ ಮಿನ್ನೆಸೋಟಾ ಕಡೆಯವರಿಗೆ ಇದು ಮನೆಮನೆಯ ಅಭ್ಯಾಸ. ಮೊದಲೇ ಹೇಳಿದಂತೆ ಘನೀಕರಿಸಿ ತೆಗೆದ ಮಾಂಸವನ್ನು ಎರಡು ಸೆಂಟಿಮೀಟರಿನ ತುಂಡುಗಳಾಗಿ ಹೆಚ್ಚಿ, ಲೀಟರಿಗೆ ಒಂದು ಬಟ್ಟಲು ಉಪ್ಪು ಕರಗಿಸಿದ ನೀರಿನಲ್ಲಿ ಎರಡು ದಿನ, ಆಮೇಲೆ ತೊಳೆದು ಬರಿಯ ವಿನೆಗರಿನಲ್ಲಿ ಎರಡು ದಿನ ಫ್ರಿಜ್ಜಿನಲ್ಲಿಡಬೇಕು. ಕೊನೆಗೆ ವಿನೆಗರು, ಸಕ್ಕರೆ, ಸಾಸಿವೆ, ಕಾಳುಮೆಣಸು, ಲವಂಗದೆಲೆಗಳನ್ನು ಒಟ್ಟಿಗೆ ಕುದಿಸಿ ಪೂರ್ತಿ ತಣಿಸಿದ ರಸದಲ್ಲಿ, ಈರುಳ್ಳಿ ಬಿಲ್ಲೆಗಳ ಜೊತೆ ಗಾಜಿನ ಭರಣಿಗೆ ತುಂಬಿದರೆ ವಾರದೊಳಗೆ ಕವಲುಮುಳ್ಳುಗಳು ನಾಲಗೆಗೆ ತಿಳಿಯದಷ್ಟು ಮೆತ್ತಗಾಗುತ್ತವೆ. ವಿನೆಗರಿನ ಹುಳಿ ನೂರಕ್ಕೆ ಐದರಷ್ಟಾದರೂ ಇರಬೇಕು. ಫಿನ್ಲೆಂಡಿನ ಅಂಗಡಿಗಳಲ್ಲಿ ಸಿಗುವ ಬಿಳಿಯ ವಿನೆಗರು ಸಾಮಾನ್ಯವಾಗಿ ನೂರಕ್ಕೆ ಹತ್ತರದು, ಸ್ವೀಡನ್ನಿನದು ಹನ್ನೆರಡರದು. ಸೀಸೆಯ ಮೇಲಿನ ಅಂಕಿಯನ್ನು ಓದಿಯೇ ನೀರು ಬೆರೆಸಿ. ಇದನ್ನು ನಮ್ಮ ಉಪ್ಪಿನಕಾಯಿಯಂತೆ ಹೊರಗಿಟ್ಟು ವರ್ಷವಿಡೀ ತಿನ್ನಲಾಗದು, ಫ್ರಿಜ್ಜಿನಲ್ಲಿಯೇ ಇಟ್ಟು ನಾಲ್ಕು ವಾರದೊಳಗೆ ಮುಗಿಸಬೇಕು.

ತತ್ತಿ

ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹಿಮಕ್ಕೆ ತೂತು ಕೊರೆದು ಹಿಡಿದ ಹೆಣ್ಣು ಹೌಕಿಯ ಹೊಟ್ಟೆಯಲ್ಲಿ ಕಿತ್ತಳೆಹಳದಿ ಬಣ್ಣದ ತತ್ತಿಯ ಎರಡು ಉದ್ದನೆಯ ಚೀಲಗಳಿರುತ್ತವೆ. ಚೀಲವನ್ನು ಸೀಳಿ, ಚಮಚದ ಬೆನ್ನಿನಿಂದ ತತ್ತಿಯನ್ನು ಪೊರೆಯಿಂದ ಬಿಡಿಸಿ, ಫೋರ್ಕಿನಿಂದ ಗರಗರ ತಿರುವಿದರೆ ಉಳಿದ ನಾರುಗಳೆಲ್ಲ ಅದರ ಹಲ್ಲಿಗೆ ಸುತ್ತಿಕೊಳ್ಳುತ್ತವೆ. ನೂರು ಗ್ರಾಮಿಗೆ ಒಂದೂವರೆ ಗ್ರಾಂ ಉಪ್ಪು ಬೆರೆಸಿ, ಡಬ್ಬಿಯಲ್ಲಿ ಮುಚ್ಚಿ ಏಳು ದಿನ ಘನೀಕರಿಸಿ, ಫ್ರಿಜ್ಜಿನಲ್ಲಿ ನಿಧಾನವಾಗಿ ಕರಗಿಸಿ. ಅಲ್ಲಿನವರು ಇದನ್ನು ಬ್ಲಿನಿ ಎಂಬ ಪುಟ್ಟ ದೋಸೆಯ ಮೇಲೆ, ಹುಳಿಗೆನೆ ಮತ್ತು ಹಸಿ ಈರುಳ್ಳಿಯ ಜೊತೆ ತಿನ್ನುತ್ತಾರೆ. ಬ್ಲಿನಿಯ ಹಿಟ್ಟನ್ನು ರಾತ್ರಿ ಹುದುಗಲಿಟ್ಟು ಮರುದಿನ ಹುಯ್ಯುವ ಕೆಲಸ ನಮಗೆ ಹೊಸದಲ್ಲವಾದರೂ, ನಮ್ಮ ಮನೆಯಲ್ಲಿ ಅಷ್ಟು ಕಾಯುವವರಿಲ್ಲ: ಹಿಂದಿನ ದಿನದ ದೋಸೆಹಿಟ್ಟು ಉಳಿದಿದ್ದರೆ ಅಂಗೈಯಗಲದ ದೋಸೆಗಳನ್ನು ದಪ್ಪಗೆ ಹುಯ್ದು, ಅದು ಬಿಸಿಯಿರುವಾಗಲೇ ಮೇಲೆ ತಣ್ಣನೆಯ ತತ್ತಿಯನ್ನು ಹರಡಿ ಕೊಡುತ್ತೇನೆ.